ಬೆಳೆದವರ ನಾಲಗೆಗೆ ಬಂದ ಕಾಫಿ: ಆರು ದಿನಗಳ ತಿರುಗಾಟ

ಮೊದಲ ದಿನ: ಗಿರಿಯಿಂದ ಪೇಟೆಗೆ

ಕಾಫಿ ಸೀಮೆಗೆ ಹೋಗುವುದಾದರೆ ಜನವರಿಯಲ್ಲಿ ಹೋಗಬೇಕು. ಆಗ ಕಾಫಿಯ ಎರಡು ಮುಖ್ಯ ಜಾತಿಗಳಲ್ಲಿ ಅರೇಬಿಕಾದ ಕೊಯ್ಲು ಮುಗಿಯುತ್ತ ಬಂದಿರುತ್ತದೆ, ರೊಬಸ್ಟಾದ ಕೊಯ್ಲು ಬಿರುಸಾಗಿರುತ್ತದೆ, ಮನೆಮನೆಯ ಕಣದಲ್ಲೂ ಕಾಯಿ ಹರಡಿರುತ್ತದೆ. ಹಾಸನ, ಬೇಲೂರು ದಾಟಿ ಬಸ್ಸು ಚಿಕ್ಕಮಗಳೂರನ್ನು ಸಮೀಪಿಸುತ್ತಿದ್ದಂತೆ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಅರ್ಧ ಹುಳಿ, ಅರ್ಧ ಸಿಹಿ, ಬಿಸಿಲಿಗೆ ಕಾದ ಹಣ್ಣಿನ ಸಿಪ್ಪೆಯ ವಾಸನೆ. ನಾನು ಬೆಳೆದದ್ದು ಅದರಲ್ಲಿಯೇ. ನನ್ನ ತಂದೆ ಮೂವತ್ತು ವರ್ಷ ತೋಟವೊಂದರಲ್ಲಿ ರೈಟರ್ ಆಗಿದ್ದರು. ಯಾರು ಎಷ್ಟು ಕಿಲೋ ಕೊಯ್ದರು, ಯಾವ ಪಟ್ಟಿಯಿಂದ ಎಷ್ಟು ಚೀಲ ಬಂತು ಎಂಬುದನ್ನು ದಿನವೂ ಸಂಜೆ ಲಾಂದ್ರದ ಬೆಳಕಿನಲ್ಲಿ ಬರೆಯುತ್ತಿದ್ದರು. ಆ ಕಾಫಿಯನ್ನು ಅವರು ಒಮ್ಮೆಯೂ ಕುಡಿಯಲಿಲ್ಲ. ಅದು ಚೀಲ ಸೇರಿ, ಲಾರಿ ಹತ್ತಿ ಹೋಗುತ್ತಿತ್ತು. ನಮ್ಮ ಮನೆಗೆ ಬರುತ್ತಿದ್ದುದು ಪೇಟೆಯ ಅಂಗಡಿಯ ಚಿಕೋರಿ ಬೆರೆಸಿದ ಪುಡಿ, ಅದಕ್ಕೆ ಬೆಲ್ಲ.

ಈಗ ಬೆಂಗಳೂರಿನ ಅಂಗಡಿಗಳಲ್ಲಿ ಕಾಲು ಕಿಲೋ ಪೊಟ್ಟಣದ ಮೇಲೆ ತೋಟದ ಹೆಸರು, ಸಮುದ್ರಮಟ್ಟದಿಂದ ಎತ್ತರ, ಗಿಡದ ತಳಿ, ಹುರಿದ ದಿನಾಂಕ ಎಲ್ಲವೂ ಅಚ್ಚಾಗಿರುತ್ತವೆ. ಸ್ಪೆಷಾಲಿಟಿ ಕಾಫಿ ಎಂದು ಕರೆಯುವ ಈ ಹೊಸ ಗಾಳಿ ನಮ್ಮ ತೋಟಗಳ ಒಳಗೆ ಏನನ್ನು ಬದಲಿಸಿದೆ ಎಂದು ಕಣ್ಣಾರೆ ನೋಡಬೇಕಿತ್ತು.

ಮಧ್ಯಾಹ್ನವೇ ಬಾಬಾ ಬುಡನ್‌ಗಿರಿಗೆ ಹೋದೆ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಯೆಮನ್ನಿನ ಮೋಖಾ ಬಂದರಿನಿಂದ ಏಳು ಬೀಜಗಳನ್ನು ಗುಟ್ಟಾಗಿ ತಂದು ಈ ಬೆಟ್ಟದಲ್ಲಿ ಬಿತ್ತಿದರೆಂದು ಪ್ರತೀತಿ. ಚಂದ್ರದ್ರೋಣ ಶ್ರೇಣಿಯ ಗಾಳಿಗೆ ಶಾಲು ಹೊದ್ದು ನಿಂತಾಗ ಕೆಳಗೆ ಸಿಲ್ವರ್ ಓಕ್ ಮರಗಳ ತಲೆ ಮಾತ್ರ ಕಾಣುತ್ತದೆ, ಕಾಫಿ ಅವುಗಳ ಅಡಿಯಲ್ಲಿ ಅಡಗಿರುತ್ತದೆ. ಈ ಗಿರಿಯ ಅರೇಬಿಕಾಕ್ಕೆ, ಚಿಕ್ಕಮಗಳೂರು ಮತ್ತು ಕೊಡಗಿನ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು.

ಸಂಜೆ ಪೇಟೆಯಲ್ಲಿ ಕಾಫಿ ವ್ಯಾಪಾರಿಯೊಬ್ಬರ ಮಂಡಿಯ ಮುಂದೆ ನಿಂತೆ. ಕಪ್ಪು ಹಲಗೆಯ ಮೇಲೆ ನಾಲ್ಕು ಸಾಲು: ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರಿ. ಹಣ್ಣಿನ ಸಿಪ್ಪೆ ಸುಲಿದು, ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್, ಇಡಿಯ ಹಣ್ಣನ್ನೇ ಒಣಗಿಸಿದ್ದು ಚೆರಿ. ಒಬ್ಬ ಬೆಳೆಗಾರ ಚೀಲದ ಬಾಯಿ ಬಿಚ್ಚಿದ. ವ್ಯಾಪಾರಿ ಒಂದು ಹಿಡಿ ತೆಗೆದು, ಸಿಪ್ಪೆ ಬಿಡಿಸಿ, ತೂಗಿ, ‘ಇಪ್ಪತ್ತೇಳು ಓಟಿ’ ಎಂದರು. ಐವತ್ತು ಕಿಲೋ ಒಣಕಾಯಿಯಿಂದ ಎಷ್ಟು ಕಿಲೋ ಬೀಜ ಬರುತ್ತದೆ ಎಂಬ ಲೆಕ್ಕವೇ ಓಟಿ, ಅಂದರೆ ಔಟ್‌ಟರ್ನ್. ಆಮೇಲೆ ತೇವಾಂಶ ನೋಡಿದರು. ಅಷ್ಟರಲ್ಲಿ ಬೆಲೆ ಕಟ್ಟಿಯಾಯಿತು. ರುಚಿಯ ಮಾತೇ ಬರಲಿಲ್ಲ. ತಪ್ಪು ಯಾರದೂ ಅಲ್ಲ. 1940ರ ದಶಕದಿಂದ 1990ರ ದಶಕದವರೆಗೂ ಬೆಳೆದದ್ದೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಹೋಗಬೇಕಿತ್ತು. ಹತ್ತಾರು ತೋಟಗಳ ಕಾಫಿ ಅಲ್ಲಿ ಒಂದಾಗುತ್ತಿತ್ತು, ಹಣ ಕಂತುಕಂತಾಗಿ ಬರುತ್ತಿತ್ತು. 1996ರಲ್ಲಿ ಮಾರುಕಟ್ಟೆ ಪೂರ್ತಿ ಮುಕ್ತವಾದ ಮೇಲಷ್ಟೇ ‘ಇದು ನನ್ನ ತೋಟದ ಕಾಫಿ’ ಎಂದು ಹೇಳಿ ಮಾರುವ ದಾರಿ ಸರಿಯಾಗಿ ತೆರೆಯಿತು.

ಎರಡನೆಯ ದಿನ: ಬಾಳೆಹೊನ್ನೂರು

ಆಲ್ದೂರಿನ ಮೇಲೆ ಹೋಗುವ ದಾರಿ ತಿರುವುಗಳದ್ದು. ಭದ್ರಾ ನದಿಯ ದಂಡೆಯ ಬಾಳೆಹೊನ್ನೂರಿಗೆ ಸಮೀಪದ ಸೀಗೋಡಿನಲ್ಲಿ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಇದೆ. 1925ರಲ್ಲಿ ಮೈಸೂರು ಸರ್ಕಾರ ಪ್ರಯೋಗ ಕೇಂದ್ರವಾಗಿ ಆರಂಭಿಸಿದ್ದು, ನೂರು ವರ್ಷ ತುಂಬಿದ ಸಂಸ್ಥೆ.

ಇಲ್ಲಿಂದ ಹೊರಬಂದ ತಳಿಗಳ ಹೆಸರು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಎಸ್. 795 ಎಂದರೆ ‘ಸೆವೆನ್ ನೈಂಟಿ ಫೈವ್’, ಅಷ್ಟೇ ಸಾಕು. 1940ರ ದಶಕದಲ್ಲಿ ಬಿಡುಗಡೆಯಾದ ಈ ಗಿಡ ಇಂದಿಗೂ ನಮ್ಮ ಅರೇಬಿಕಾ ತೋಟಗಳ ಬೆನ್ನೆಲುಬು. ಕೆಂಟ್ ತಳಿಯನ್ನು ಎಸ್. 288 ಎಂಬ ಗಿಡದೊಂದಿಗೆ ಸೇರಿಸಿ ಪಡೆದದ್ದು. ಆ ಎಸ್. 288ರ ವಂಶದಲ್ಲಿ ಲೈಬೀರಿಕಾ ಎಂಬ ಬೇರೊಂದು ಜಾತಿಯ ಕಾಫಿಯ ರಕ್ತವಿದೆ, ಎಲೆ ತುಕ್ಕು ರೋಗವನ್ನು ತಡೆಯುವ ಗುಣ ಬಂದದ್ದು ಅಲ್ಲಿಂದ. ಆಮೇಲೆ ಬಂದವು ಕಾವೇರಿ, ಸೆಲೆಕ್ಷನ್ 9, 2007ರಲ್ಲಿ ಚಂದ್ರಗಿರಿ.

ಹಿಂದೆ ತಳಿ ಕೇಳುವವರ ಪ್ರಶ್ನೆ ಎರಡೇ: ರೋಗ ತಡೆಯುತ್ತದೆಯೇ, ಎಕರೆಗೆ ಎಷ್ಟು ಬರುತ್ತದೆ? ಈಗ ಮೂರನೆಯದೊಂದು ಸೇರಿದೆ: ಲೋಟದಲ್ಲಿ ಹೇಗಿರುತ್ತದೆ? ಪೊಟ್ಟಣದ ಮೇಲೆ ‘ಸೆಲೆಕ್ಷನ್ 9’ ಎಂದು ಅಚ್ಚು ಹಾಕಿಸುವ ಹುರಿಯುವವರು ಇರುವುದರಿಂದ ತಳಿಗಳನ್ನು ಬೆರೆಸದೆ ಬೇರೆಬೇರೆ ಕೊಯ್ದು ಇಡುವ ಅಭ್ಯಾಸ ಶುರುವಾಗಿದೆ. ಅದು ಹೇಳಿದಷ್ಟು ಸುಲಭವಲ್ಲ. ಹಳೆಯ ತೋಟಗಳಲ್ಲಿ ಒಂದೇ ಸಾಲಿನಲ್ಲಿ ಮೂರು ತಳಿಗಳು ನಿಂತಿರುತ್ತವೆ.

ಬಿಳಿ ಕಾಂಡ ಕೊರಕ ತಿಂದ ಒಂದು ಬುಡವನ್ನು ಸೀಳಿ ತೋರಿಸಿದರು. ಒಳಗೆ ಹಿಟ್ಟು ತುಂಬಿದ ಕೊಳವೆಯಂತಹ ಸುರಂಗಗಳು. ಈ ಹುಳು ಕಾಡುವುದು ಅರೇಬಿಕಾವನ್ನು. ಕಾಫಿ ಹೂ ಅರಳಿಸುವ ಹೂಮಳೆ ಹೊತ್ತಿಗೆ ಸರಿಯಾಗಿ ಬಾರದ ವರ್ಷಗಳೂ ಹೆಚ್ಚಿವೆ. ಅನೇಕರು ಅರೇಬಿಕಾ ಕಿತ್ತು ರೊಬಸ್ಟಾ ನೆಟ್ಟಿದ್ದಾರೆ. ದೇಶದ ಕಾಫಿಯಲ್ಲಿ ಸುಮಾರು ಎಪ್ಪತ್ತು ಪಾಲು ಈಗ ರೊಬಸ್ಟಾ. ಒಳ್ಳೆಯ ಕಾಫಿ ಎಂದರೆ ಎತ್ತರದ ಅರೇಬಿಕಾ ಎಂದಷ್ಟೇ ತಿಳಿದು ಕೂತರೆ ನಾವು ನಮ್ಮ ಹೆಚ್ಚಿನ ಪಾಲು ಬೆಳೆಗೆ ಬೆನ್ನು ತಿರುಗಿಸಿದ ಹಾಗೆಯೇ.

ಮೂರನೆಯ ದಿನ: ಮೂಡಿಗೆರೆಯ ಆರು ಎಕರೆ

ಈ ಪ್ರವಾಸದಲ್ಲಿ ನಾನು ಹೆಚ್ಚು ಹೊತ್ತು ಕಳೆದದ್ದು ಮೂಡಿಗೆರೆ ಕಡೆಯ ಒಬ್ಬ ಸಣ್ಣ ಹಿಡುವಳಿದಾರರ ಮನೆಯಲ್ಲಿ. ಆರು ಎಕರೆ, ಅದರಲ್ಲಿ ನಾಲ್ಕು ಅರೇಬಿಕಾ, ಉಳಿದದ್ದು ರೊಬಸ್ಟಾ, ಮರಗಳಿಗೆಲ್ಲ ಮೆಣಸಿನ ಬಳ್ಳಿ. ನಾನು ಅವರನ್ನು ಗೌಡರೇ ಎಂದೆ, ಅವರು ನನ್ನನ್ನು ಸಾರ್ ಎನ್ನುವುದನ್ನು ಕೊನೆಯವರೆಗೂ ಬಿಡಲಿಲ್ಲ.

ಅಂಗಳದ ಒಂದು ಬದಿಗೆ ಸೊಂಟದೆತ್ತರದ ಮಂಚಗಳು, ಅಡಕೆ ದಬ್ಬೆಯ ಚೌಕಟ್ಟಿಗೆ ನೈಲಾನ್ ಬಲೆ ಬಿಗಿದದ್ದು. ಮೇಲೆ ಒಂದೇ ಪದರವಾಗಿ ಕಾಯಿ. ಸಿಮೆಂಟ್ ಕಣದಲ್ಲಿ ಒಣಗಿದರೆ ಅಡಿಯಿಂದ ಗಾಳಿಯಾಡುವುದಿಲ್ಲ, ಮಣ್ಣಿನ ವಾಸನೆ ಹಿಡಿಯುವ ಭಯ ಬೇರೆ. ಕೊಟ್ಟಿಗೆಯ ಪಕ್ಕದ ನೆರಳಿನಲ್ಲಿ ನಾಲ್ಕು ನೀಲಿ ಡ್ರಮ್ಮುಗಳು. ಮುಚ್ಚಳದಿಂದ ಸಣ್ಣ ಕೊಳವೆ ಹೊರಟು ನೀರು ತುಂಬಿದ ಬಾಟಲಿಯಲ್ಲಿ ಮುಳುಗಿತ್ತು. ನಾನು ನೋಡುತ್ತಿದ್ದಂತೆ ಅದರಲ್ಲಿ ಒಂದು ಗುಳ್ಳೆ ಎದ್ದಿತು, ಸ್ವಲ್ಪ ಬಿಟ್ಟು ಇನ್ನೊಂದು. ಒಳಗೆ ಇಡಿಯ ಹಣ್ಣು ಗಾಳಿಯ ಸಂಪರ್ಕವಿಲ್ಲದೆ ಹುದುಗುತ್ತಿದೆ, ಹುಟ್ಟಿದ ಅನಿಲ ಹೊರಗೆ ಹೋಗುತ್ತದೆ, ಹೊರಗಿನ ಗಾಳಿ ಒಳಗೆ ಬರುವುದಿಲ್ಲ. ಅನೆರೋಬಿಕ್ ಎಂದು ಎಲ್ಲರ ಬಾಯಲ್ಲಿರುವ ಪದ್ಧತಿ ಇದೇ.

ಡ್ರಮ್ಮಿಗೆ ಹೋಗುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ. ಕಡುಗೆಂಪು ಹಣ್ಣನ್ನು ಮಾತ್ರ ಬಿಡಿಸಬೇಕು. ನೀರಿಗೆ ಸುರಿದು ತೇಲುಗಾಯಿ ತೆಗೆಯಬೇಕು. ಹಣ್ಣಿನ ಸಿಹಿ ಅಳೆಯುವ ಪುಟ್ಟ ಕೊಳವೆಯೊಂದು ಗೌಡರ ಅಂಗಿಯ ಜೇಬಿನಲ್ಲಿಯೇ ಇತ್ತು. ಒಂದು ಹಣ್ಣು ಹಿಸುಕಿ ಹನಿ ಬಿಟ್ಟು ನನ್ನ ಕಣ್ಣಿಗೆ ಹಿಡಿದರು. ಇಪ್ಪತ್ತೆರಡು. ಪರವಾಗಿಲ್ಲ ಎಂದರು. ಕೊಯ್ಯುವವರು ಅಸ್ಸಾಮಿನಿಂದ ಬಂದ ಎರಡು ಕುಟುಂಬಗಳು. ಕಿಲೋ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಕೈ ಓಡುತ್ತದೆ, ಹಸಿರು, ಕೆಂಪು ಎಲ್ಲ ಒಟ್ಟಿಗೆ ಬರುತ್ತದೆ. ಹಾಗಾಗಿ ಡ್ರಮ್ಮಿಗೆ ಹಣ್ಣು ಬಿಡಿಸುವ ನಾಲ್ಕು ಸಾಲುಗಳಿಗೆ ಮಾತ್ರ ದಿನಗೂಲಿ. ‘ನಿಧಾನವಾಗಿ ಬಿಡಿಸಿ ಎಂದು ಹೇಳಿ ದುಡ್ಡು ಕೊಡುವ ಮನೆ ಇದೊಂದೇ ಎಂದು ಅವರಿಗೂ ಆಶ್ಚರ್ಯ ಸಾರ್.’

ಗೌಡರಿಗೆ ಇದರ ಹುಚ್ಚು ಹಿಡಿದದ್ದು 2023ರ ಸೆಪ್ಟೆಂಬರಿನಲ್ಲಿ. ಬೆಂಗಳೂರಿನಲ್ಲಿ ವಿಶ್ವ ಕಾಫಿ ಸಮ್ಮೇಳನ ನಡೆದ ವರ್ಷ ಅದು, ಏಷ್ಯಾದಲ್ಲಿ ಅದೇ ಮೊದಲು. ಅಲ್ಲಿ ಯಾರೋ ಸಣ್ಣ ಲೋಟದಲ್ಲಿ ಹಾಲಿಲ್ಲದ ಕಾಫಿ ಕೊಟ್ಟರಂತೆ. ‘ಇದು ಯಾವ ದೇಶದ್ದು ಎಂದು ಕೇಳಿದೆ. ಚಿಕ್ಕಮಗಳೂರಿನದ್ದು ಎಂದರು. ಐವತ್ತು ವರ್ಷ ನಾನು ಏನು ಬೆಳೆಯುತ್ತಿದ್ದೆ ಎಂದು ಅವತ್ತು ಗೊತ್ತಾಯಿತು.’

ಈಗ ಭಾನುವಾರಗಳಲ್ಲಿ ಸುತ್ತಲಿನ ಐದು ಮಂದಿ ಬೆಳೆಗಾರರು ಅವರ ಪಡಸಾಲೆಯಲ್ಲಿ ಸೇರುತ್ತಾರೆ. ಪ್ರತಿಯೊಬ್ಬರೂ ತಮ್ಮ ತೋಟದ ಬೀಜ ತರುತ್ತಾರೆ. ಗೌಡರ ಮನೆಯವರು ದಪ್ಪ ತಳದ ಬಾಣಲೆಯಲ್ಲಿ ಹುರಿಯುತ್ತಾರೆ, ಕೈಯಂತ್ರದಲ್ಲಿ ಪುಡಿ ಮಾಡಿ ಒಂದೊಂದು ತೋಟದ್ದನ್ನು ಒಂದೊಂದು ಪಾತ್ರೆಯಲ್ಲಿ ಸೋಸಿ ಇಡುತ್ತಾರೆ. ಕುಡಿದವರು ಹೇಳಿದ್ದನ್ನೆಲ್ಲ ಗೌಡರು ಹಳೆಯ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ, ಪುಸ್ತಕವೊಂದರಲ್ಲಿ ಬರೆಯುತ್ತಾರೆ. ನಾನು ಅದನ್ನು ಕೈಗೆತ್ತಿಕೊಂಡೆ. ಆಳುಗಳ ಹೆಸರಿನ ಅಂಕಣದಲ್ಲಿ ಡ್ರಮ್ಮಿನ ಸಂಖ್ಯೆ, ಹಾಜರಿಯ ಚೌಕಗಳಲ್ಲಿ ಗಂಟೆ, ಬಿಸಿ, ಷರಾ ಎಂಬಲ್ಲಿ ‘ಮೂರನೆಯ ಡ್ರಮ್ಮು: ಹಲಸಿನ ಹಣ್ಣು, ಕೊನೆಗೆ ಸ್ವಲ್ಪ ಒಗರು’. ನನ್ನ ತಂದೆ ಬರೆಯುತ್ತಿದ್ದುದು ಇಂಥದೇ ಪುಸ್ತಕದಲ್ಲಿ, ಇದೇ ನೀಲಿ ಗೆರೆಗಳ ನಡುವೆ. ನನಗೆ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ.

ಒಂದು ಪ್ರಶ್ನೆ ಕೇಳಲೇಬೇಕಿತ್ತು. 2024ರಲ್ಲಿ ಐವತ್ತು ಕಿಲೋ ರೊಬಸ್ಟಾ ಚೆರಿ ಚೀಲದ ಬೆಲೆ ಹತ್ತು ಸಾವಿರ ರೂಪಾಯಿ ದಾಟಿತ್ತು. ಅದಕ್ಕೆ ನಾಲ್ಕು ವರ್ಷ ಹಿಂದೆ ಅರ್ಧದಷ್ಟೂ ಇರಲಿಲ್ಲ. ಕಣದಲ್ಲಿ ಸುರಿದು ಒಣಗಿಸಿದ್ದಕ್ಕೇ ಇಂಥ ಬೆಲೆ ಸಿಗುವಾಗ ಡ್ರಮ್ಮು, ಮಂಚ, ರಾತ್ರಿ ಎದ್ದು ಟಾರ್ಪಾಲು ಹೊದಿಸುವುದು ಏಕೆ? ಬೇರೆ ಕಡೆ ಈ ಕೆಲಸವನ್ನು ಕೈಬಿಟ್ಟವರನ್ನು ನೋಡಿದ್ದೆ. ಗೌಡರು ಕಾಯಿ ತಿರುಗಿಸುತ್ತಲೇ ಹೇಳಿದರು: ‘ಏರಿದ್ದು ಇಳಿಯುತ್ತದೆ ಸಾರ್. ಇಳಿದ ದಿನ ಕಲಿಯಲು ಕೂತರೆ ಆಗುತ್ತದೆಯೇ? ಕೈಯಲ್ಲಿ ನಾಲ್ಕು ಕಾಸು ಇರುವಾಗಲೇ ಹಾಳು ಮಾಡಿ ಕಲಿಯಬೇಕು.’

ಡ್ರಮ್ಮಿಗೆ ಹಣ್ಣಿನ ರಸವನ್ನೋ ಚಕ್ಕೆಯನ್ನೋ ಸೇರಿಸಿ ಹುದುಗಿಸುವ ರೂಢಿ ಹೊರದೇಶಗಳಲ್ಲಿ ಹಬ್ಬಿ ಇಲ್ಲಿಗೂ ಬಂದಿದೆ. ಗೌಡರು ಅದನ್ನು ಮಾಡಿಲ್ಲ. ನನಗೂ ಅದು ಒಪ್ಪಿಗೆಯಿಲ್ಲ. ಮಣ್ಣು, ನೆರಳು, ಗಿಡ ಸೇರಿ ಕೊಟ್ಟ ರುಚಿಯನ್ನು ಹುಡುಕುತ್ತೇವೆಂದು ಹೊರಟು ಅಂಗಡಿಯ ಹಣ್ಣಿನ ಪರಿಮಳವನ್ನು ಬೀಜಕ್ಕೆ ಕುಡಿಸುವುದಾದರೆ ತೋಟದ ಹೆಸರನ್ನು ಪೊಟ್ಟಣದ ಮೇಲೆ ಹಾಕುವುದು ಏಕೆ?

ಮಧ್ಯಾಹ್ನ ಮೂರು ದಾಟಿದಾಗ ಪಡುವಣ ತುದಿಯ ಮಂಚದ ಮೂಲೆಗೆ ಸಿಲ್ವರ್ ಓಕ್ ಮರದ ನೆರಳು ಚಾಚಿತು. ನನ್ನ ಕಾಲಿಗೂ ತಂಪಾಯಿತು, ಅಷ್ಟೇ ಗಮನಿಸಿದೆ. ಹೊರಡುವಾಗ ಗೌಡರು ಬಟ್ಟೆಯ ಚೀಲವೊಂದನ್ನು ಕೈಗಿಟ್ಟರು. ಡಿಸೆಂಬರಿನ ಮೊದಲ ಕೊಯ್ಲಿನ ಒಂದು ಕಿಲೋ ಒಣಕಾಯಿ. ಬೆಂಗಳೂರಿನಲ್ಲಿ ರುಚಿ ನೋಡುವವರ ಕೈಗೆ ಮುಟ್ಟಿಸಬೇಕು. ‘ಚೆನ್ನಾಗಿದೆ ಎನ್ನುವುದು ಬೇಡ ಸಾರ್. ಏನು ತಪ್ಪಿದೆ ಎಂದು ಹೇಳಿಸಿ.’

ನಾಲ್ಕನೆಯ ದಿನ: ಕೊಡಗು

ಸಕಲೇಶಪುರ, ಶನಿವಾರಸಂತೆ, ಸೋಮವಾರಪೇಟೆ ಹಾದು ಮಡಿಕೇರಿಯ ದಾರಿ ಹಿಡಿದೆ. ದೇಶದ ಕಾಫಿಯಲ್ಲಿ ಸುಮಾರು ಎಪ್ಪತ್ತು ಪಾಲು ಕರ್ನಾಟಕದ್ದು, ಅದರೊಳಗೆ ಎಲ್ಲಕ್ಕಿಂತ ಹೆಚ್ಚು ಬೆಳೆಯುವ ಜಿಲ್ಲೆ ಕೊಡಗು.

ನಾನು ಹೋದದ್ದು ರೊಬಸ್ಟಾ ಬೆಳೆಯುವ ಒಬ್ಬ ಹಿರಿಯ ಮಹಿಳೆಯ ಮನೆಗೆ. ರೊಬಸ್ಟಾ ಎಂದರೆ ಕಹಿ, ಡಿಕಾಕ್ಷನ್ ಗಟ್ಟಿಯಾಗಲು ಬೆರೆಸುವ ಸರಕು ಎಂಬ ಮಾತು ಅವರಿಗೆ ಸಿಟ್ಟು ತರಿಸುತ್ತದೆ. ಹಣ್ಣನ್ನು ಸಿಪ್ಪೆ ಸುಲಿಯುವ ಪಲ್ಪರ್‌ಗೆ ಹಾಕಿ, ಲೋಳೆ ತೊಳೆದು, ನಿಧಾನವಾಗಿ ಒಣಗಿಸಿದ ಅವರ ಪಾರ್ಚ್‌ಮೆಂಟ್ ಕಾಫಿಯನ್ನು ಬರಿಯ ನೀರಿನಲ್ಲಿ ಮಾಡಿ ಕೊಟ್ಟರು. ದಪ್ಪ ಮೈ, ಕೋಕೋದಂತಹ ಮೃದುವಾದ ಕಹಿ, ಹುರಿದ ಕಡಲೆಕಾಯಿಯ ನೆನಪು. ‘ರೊಬಸ್ಟಾ ಕಾಪಿ ರಾಯಲ್’ ಎಂಬ ಹೆಸರಿನಲ್ಲಿ ತೊಳೆದ ರೊಬಸ್ಟಾವನ್ನು ಭಾರತ ಹಲವು ವರ್ಷಗಳಿಂದ ಹೊರಗೆ ಕಳುಹಿಸುತ್ತಿದೆ. ನಮ್ಮ ಕಾಫಿಗೆ ಮುಖ್ಯ ಗಿರಾಕಿಯಾದ ಇಟಲಿಯವರು ಎಸ್ಪ್ರೆಸೋದ ನೊರೆಗೆ, ಮೈಗೆ ಇದನ್ನು ಬೆರೆಸಿ ಮೆಚ್ಚಿದರು. ಈಗ ಹೊಸದೆಂದರೆ, ಬೆರೆಸದೆ ಅದೊಂದನ್ನೇ ಕುಡಿಯುವವರು ಹುಟ್ಟಿಕೊಂಡಿದ್ದಾರೆ, ‘ಫೈನ್ ರೊಬಸ್ಟಾ’ಕ್ಕೆ ಬೇರೆಯದೇ ಅಂಕಪಟ್ಟಿ ಇದೆ.

ಬೇಲಿಯಂಚಿನಲ್ಲಿ ಏಣಿ ಇಡದೆ ಕೊಯ್ಯಲಾಗದಷ್ಟು ಎತ್ತರದ ಮರಗಳ ಸಾಲು. ಅಗಲವಾದ ಎಲೆ. ‘ಇದು ಮರ ಕಾಫಿ, ನನ್ನ ಮಾವನವರು ಗಡಿಗೆ ನೆಟ್ಟದ್ದು’ ಎಂದರು ಆ ಹಿರಿಯಮ್ಮ. ಎಕ್ಸೆಲ್ಸಾ. ಬಾಳೆಹೊನ್ನೂರಿನಲ್ಲಿ ಕೇಳಿದ ಲೈಬೀರಿಕಾದ ಹತ್ತಿರದ ನೆಂಟ. ಎಷ್ಟೋ ವರ್ಷ ಇದರ ಹಣ್ಣು ಹಕ್ಕಿಗಳ ಪಾಲಾಗುತ್ತಿತ್ತು, ಇಲ್ಲವೇ ರೊಬಸ್ಟಾ ರಾಶಿಯಲ್ಲಿ ಸೇರಿಹೋಗುತ್ತಿತ್ತು. ಬಿಸಿಲು, ಬರ ತಾಳುತ್ತದೆ, ಹಲಸನ್ನು ಹೋಲುವ ಹುಳಿಸಿಹಿ ಇದೆ ಎಂದು ಹುರಿಯುವವರು ಎರಡು ಮೂರು ವರ್ಷಗಳಿಂದ ಇದನ್ನೇ ಕೇಳಿಕೊಂಡು ಬರುತ್ತಿದ್ದಾರೆ.

ಅವರ ಮೊಮ್ಮಗ ಮೊಬೈಲ್ ಹಿಡಿದು ತೋಟದ ಗಡಿಯುದ್ದಕ್ಕೂ ನಡೆಯುತ್ತಿದ್ದ. 2020ರ ಡಿಸೆಂಬರ್ 31ರ ಬಳಿಕ ಕಾಡು ಕಡಿದ ಜಾಗದ ಕಾಫಿಯನ್ನು ಒಳಗೆ ಬಿಡುವುದಿಲ್ಲ ಎನ್ನುವ ಕಾನೂನನ್ನು ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿತು. ಜಾರಿ ಮುಂದೆ ಮುಂದೆ ಹೋದರೂ ತಯಾರಿ ನಿಂತಿಲ್ಲ, ಪ್ರತಿ ತೋಟದ ಅಕ್ಷಾಂಶ ರೇಖಾಂಶ ದಾಖಲಾಗಬೇಕು. ನಮ್ಮ ತೋಟಗಳು ಮರದ ನೆರಳಿನಲ್ಲಿಯೇ ಇರುವುದರಿಂದ ಇದು ನಮಗೆ ಅನುಕೂಲವಾಗಬೇಕಾದ ಮಾತು. ಆದರೆ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಮೀನಿನ ಪಹಣಿ ಇಂದಿಗೂ ಎಷ್ಟೋ ಕುಟುಂಬಗಳಲ್ಲಿ ತೀರಿಕೊಂಡ ಪಟ್ಟೇದಾರರ, ಅಂದರೆ ಮನೆತನದ ಯಜಮಾನರ, ಹೆಸರಿನಲ್ಲಿದೆ. ಗಡಿ ನಡೆದು ಅಳೆದವನ ಹೆಸರು ಒಂದು, ಕಾಗದದಲ್ಲಿರುವ ಹೆಸರು ಇನ್ನೊಂದು. ಕಾಡು ಉಳಿಸಿಕೊಂಡು ಬಂದವರು ಅದನ್ನು ಸಾಬೀತುಪಡಿಸಲು ಕಚೇರಿ ಅಲೆಯಬೇಕಾದ ಈ ಸ್ಥಿತಿ ನನಗೆ ನೋವು ತಂದಿತು.

ಐದನೆಯ ದಿನ: ದಾರಿ

ಕುಶಾಲನಗರ, ಹುಣಸೂರು, ಮೈಸೂರು, ಬೆಂಗಳೂರು. ಇಡೀ ದಿನ ಬಸ್ಸು. ತೊಡೆಯ ಮೇಲೆ ಗೌಡರ ಚೀಲ. ಸಂಜೆ ಕಾಫಿಯ ರುಚಿ ನೋಡುವ ಪ್ರಯೋಗಾಲಯವೊಂದಕ್ಕೆ ಅದನ್ನು ತಲುಪಿಸಿದೆ. ಅಂದೇ ಸಿಪ್ಪೆ ಬಿಡಿಸಿ, ತೇವಾಂಶ ನೋಡಿ, ಹದವಾಗಿ ಹುರಿದಿಟ್ಟರು. ಹುರಿದ ಬೀಜ ಒಂದು ರಾತ್ರಿ ಸುಮ್ಮನಿರಬೇಕು.

ಆರನೆಯ ದಿನ: ಐದು ಲೋಟ

ಬೆಂಗಳೂರಿನಲ್ಲಿ ಕಾಫಿಯ ರುಚಿ ನೋಡುವುದಕ್ಕೆ ಹಳೆಯ ಪರಂಪರೆ ಇದೆ. ಕಾಫಿ ಮಂಡಳಿಯಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ದುಡಿದ ಸುನಾಲಿನಿ ಮೆನನ್ 1990ರ ದಶಕದಲ್ಲಿ ಇಲ್ಲಿ ಕಾಫಿಲ್ಯಾಬ್ ಆರಂಭಿಸಿದರು. ಬೆಳೆಗಾರರು ತಮ್ಮ ಬೀಜದ ಗುಣದೋಷ ಕೇಳಿ ತಿಳಿಯುವ ಅಭ್ಯಾಸಕ್ಕೆ ಅಂಥವರು ದಾರಿ ಮಾಡಿದರು. ಮಂಡಳಿಯೇ ‘ಕಾಪಿ ಶಾಸ್ತ್ರ’ ಎಂಬ ತರಬೇತಿ ನಡೆಸುತ್ತದೆ. ನಾನು ಹೋದ ಪ್ರಯೋಗಾಲಯದಲ್ಲಿ ಮೇಜಿನ ಸುತ್ತ ನಿಂತವರಲ್ಲಿ ಹೆಚ್ಚಿನವರು ಮೂವತ್ತು ದಾಟದವರು.

ಒಂದು ಕಾಫಿಗೆ ಐದು ಲೋಟ. ಪ್ರತಿಯೊಂದಕ್ಕೂ 8.25 ಗ್ರಾಂ ಬೀಜವನ್ನು ಬೇರೆಬೇರೆ ತೂಗಿ, ಬೇರೆಬೇರೆ ಪುಡಿ ಮಾಡುತ್ತಾರೆ. 150 ಮಿಲಿಲೀಟರ್ ನೀರು, 93 ಡಿಗ್ರಿ ಬಿಸಿ. ನಾಲ್ಕು ನಿಮಿಷ ಯಾರೂ ಮುಟ್ಟುವುದಿಲ್ಲ. ಆಮೇಲೆ ಮೂಗನ್ನು ಲೋಟಕ್ಕೆ ತಾಗುವಷ್ಟು ಬಗ್ಗಿಸಿ, ಮೇಲೆ ಕಟ್ಟಿದ ಪುಡಿಯ ಕೆನೆಯನ್ನು ಚಮಚದ ಬೆನ್ನಿನಿಂದ ಒಡೆಯುತ್ತಾರೆ. ಆ ಕ್ಷಣ ಏಳುವ ಆವಿಯಲ್ಲಿ ಕಾಫಿ ತನ್ನದೆಲ್ಲವನ್ನೂ ಹೇಳಿಬಿಡುತ್ತದೆ. ನೂರಕ್ಕೆ ಎಂಬತ್ತು ಮುಟ್ಟಿದ್ದು ಸ್ಪೆಷಾಲಿಟಿ ಎಂಬುದು ಬಹುಕಾಲದ ಲೆಕ್ಕ. 2023ರಿಂದ ಬಂದ ಹೊಸ ವಿಧಾನ, ಲೋಟದಲ್ಲಿ ಏನಿದೆ ಎಂಬುದನ್ನೂ ಅದು ಎಷ್ಟು ಹಿಡಿಸಿತು ಎಂಬುದನ್ನೂ ಬೇರ್ಪಡಿಸಿ ಬರೆಯಲು ಹೇಳುತ್ತದೆ.

ಗೋಡೆಯ ಮೇಲೆ ಕಾಫಿಯ ರುಚಿಗಳಿಗೆ ಹೆಸರು ಕೊಡುವ ರುಚಿಚಕ್ರದ ಪಟ. 1995ರಲ್ಲಿ ರೂಪಿಸಿ, 2016ರಲ್ಲಿ ತಿದ್ದಿದ್ದು. ಬ್ಲೂಬೆರಿ, ರಾಸ್ಪ್ಬೆರಿ, ಮೇಪಲ್ ಪಾಕ. ಪಕ್ಕದಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು: ನೇರಳೆ, ಪುನರ್ಪುಳಿ, ಆಲೆಮನೆಯ ನೊರೆಬೆಲ್ಲ. ಅದನ್ನು ನೋಡಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಮೂಡಿಗೆರೆಯ ಪಡಸಾಲೆಯಲ್ಲಿ ಹಲಸು ಎಂದು ಬರೆದವರ ಮಾತು ಈ ಮೇಜಿನವರೆಗೂ ನಡೆಯಬೇಕು. ಎಂದೂ ತಿನ್ನದ ಹಣ್ಣಿನ ಹೆಸರಿನಲ್ಲಿ ತನ್ನ ಬೆಳೆಯನ್ನು ಗುರುತಿಸು ಎಂದರೆ ಯಾವ ರೈತ ಗುರುತಿಸುತ್ತಾನೆ?

ಸೊರ್ರೆಂದು ಹೀರುವ ಸದ್ದು ಮೇಜಿನ ಸುತ್ತ ಹೋಯಿತು. ಹಿರಿಯ ಪರೀಕ್ಷಕಿ ನಾಲ್ಕನೆಯ ಲೋಟದ ಹತ್ತಿರ ನಿಂತರು, ಮತ್ತೆ ಹೀರಿದರು, ಚಮಚ ತೊಳೆದು ಮೂರನೆಯದಕ್ಕೆ ಮರಳಿದರು. ‘ನೀವೇ ನೋಡಿ’ ಎಂದು ನನಗೆ ಕೊಟ್ಟರು. ಮೂರನೆಯದರಲ್ಲಿ ಬಿಸಿ ಆರುತ್ತಿದ್ದಂತೆ ನೇರಳೆ ಹಣ್ಣಿನ ಒಗರು ಸಿಹಿ ತೆರೆದುಕೊಂಡಿತು, ಹಿಂದೆಯೇ ಬೆಲ್ಲ. ನಾಲ್ಕನೆಯದು ಹಳಸಿದ ಹೆಂಡ. ಒಣಗುವುದು ತಡವಾದ ಒಂದೆರಡು ಬೀಜ ಸಾಕು, ಒಂದು ಲೋಟ ಕೆಡುತ್ತದೆ ಎಂದರು. ಮನೆಯಲ್ಲಿ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಸೋಸಿದರೆ ಅದು ಉಳಿದದ್ದರೊಳಗೆ ಮುಚ್ಚಿಹೋಗುತ್ತದೆ.

ಮೆಟ್ಟಿಲ ಮೇಲೆ ಕೂತು ಗೌಡರಿಗೆ ಫೋನು ಮಾಡಿದೆ. ಐದರಲ್ಲಿ ನಾಲ್ಕು ಒಂದೇ ತೆರನಾಗಿವೆ, ಒಂದು ಕೆಟ್ಟಿದೆ ಎಂದೆ.

‘ಹೇಗೆ ಕೆಟ್ಟಿದೆ?’

‘ಹಳೆಯ ಹೆಂಡದ ಹಾಗೆ.’

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಕೋಳಿ ಕೂಗುವುದು ಕೇಳಿಸಿತು.

‘ಪಡುವಣ ಮೂಲೆಯದು ಸಾರ್. ಮೂರು ಗಂಟೆಗೆ ಮರದ ನೆರಳು ಬೀಳುತ್ತದಲ್ಲ, ಅಲ್ಲಿಯ ಕಾಯಿ. ಕೈಯಲ್ಲಿ ಅಲ್ಲಾಡಿಸಿದಾಗ ಸದ್ದು ಮೆತ್ತಗಿತ್ತು. ಎರಡು ದಿನ ಬಿಟ್ಟು ನೋಡೋಣ ಎನ್ನದೆ ಎಲ್ಲದರ ಜೊತೆ ಸೇರಿಸಿಬಿಟ್ಟೆ.’ ಆಮೇಲೆ ದನಿ ಬದಲಾಯಿತು. ‘ಉಳಿದ ನಾಲ್ಕು ಹೇಗಿದ್ದವು?’

ಹೇಳಿದೆ. ಅವರು ಫೋನನ್ನು ಬಾಯಿಂದ ದೂರ ಹಿಡಿದು ಒಳಗಿನವರಿಗೆ ಕೂಗಿ ಹೇಳುವುದು ಕೇಳಿಸಿತು: ‘ನೇರಳೆ ಹಣ್ಣಿನ ಹಾಗಿದೆಯಂತೆ, ಪುಸ್ತಕ ತಾ.’ ಹಾಳೆ ಮಗುಚುವ ಸದ್ದು. ‘ಬರೆದುಕೊಂಡೆ ಸಾರ್. ನಾಳೆ ಬೆಳಿಗ್ಗೆ ಆ ಮಂಚವನ್ನು ಎತ್ತಿ ಬಾವಿಯ ಕಡೆಗೆ ಇಡಿಸುತ್ತೇನೆ.’